ಕರಟಕ್ಕೊಂದು ಬಾಗಿಲು

ಹಳೆಯ ಏರ್‌ಸ್ಟ್ರೀಮ್ ಟ್ರೇಲರಿನ ಹೊರಮೈಯಲ್ಲಿ ಒಂದು ಪುಟ್ಟ ತಗಡಿನ ಬಾಗಿಲು. ಅದು ಅಲ್ಲಿಗೆ ಹೇಗೆ ಬಂತು, ಕಳಚಿದರೆ ಮತ್ತೆ ಕೂರಿಸುವುದೇಕೆ ಅಷ್ಟು ಕಷ್ಟ?

ದಿನಪತ್ರಿಕೆಯ ಅರ್ಧ ಪುಟದಷ್ಟಿರುವ ಅಲ್ಯೂಮಿನಿಯಂ ತಗಡು. ಒಂದಂಚಿಗೆ ಉದ್ದನೆಯ ಪಿಯಾನೊ ಹಿಂಜು, ನಡುವೆ ಗಾಳಿಯಾಡಲು ಮೀನಿನ ಕಿವಿರಿನಂಥ ಸೀಳುಗಳು, ಎದುರಂಚಿಗೆ ಕಾಲು ಸುತ್ತು ತಿರುಗಿಸಿದರೆ ಬಿಚ್ಚಿಕೊಳ್ಳುವ ಚಿಲಕ. 1960ರ ದಶಕದ ಅಮೆರಿಕನ್ ಟ್ರೇಲರುಗಳ ಪಕ್ಕದಲ್ಲಿ, ಒಳಗಿನ ಫ್ರಿಜ್ಜಿನ ಬೆನ್ನಿಗೆ ನೇರವಾಗಿ ಇಂಥದೊಂದು ಬಾಗಿಲು ಕಾಣುತ್ತದೆ. ಟ್ರೇಲರ್ ಎಂದರೆ ಇಲ್ಲಿ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆ. ಮಂಚ, ಒಲೆ, ಬಚ್ಚಲು ಎಲ್ಲವೂ ಅದರೊಳಗೇ. ನೋಡಲು ಬಂದವರ ಕಣ್ಣು ಕನ್ನಡಿಯಂತೆ ಹೊಳೆಯುವ ಆ ದುಂಡು ಮೈಯ ಮೇಲೆ ಓಡಾಡುತ್ತದೆಯೇ ಹೊರತು ಈ ತಗಡಿನ ಮೇಲೆ ನಿಲ್ಲುವುದಿಲ್ಲ.

ಹಳೆಯ ಟ್ರೇಲರ್ ರಿಪೇರಿ ಮಾಡುವವರು ಮಾತ್ರ ಮೊದಲು ಇಂಥ ಬಾಗಿಲುಗಳ ಬಳಿಯೇ ಕುಕ್ಕರಗಾಲಲ್ಲಿ ಕೂರುತ್ತಾರೆ. ಅಂಚಿನ ರಬ್ಬರು ಒಣಗಿ ಬಿರಿದಿದೆಯೇ ಎಂದು ಬೆರಳಾಡಿಸುತ್ತಾರೆ. ಕೆಳಗಿನ ಪ್ಲೈವುಡ್ ನೆಲಕ್ಕೆ ಸ್ಕ್ರೂಡ್ರೈವರಿನ ಮೊನೆ ಚುಚ್ಚಿ ನೋಡುತ್ತಾರೆ. ಮೊನೆ ಸಲೀಸಾಗಿ ಇಳಿಯಿತೋ, ಬೆಲೆಯ ಮಾತು ಅಲ್ಲಿಗೇ ನಿಲ್ಲುತ್ತದೆ. ಒಂದು ತಗಡಿನ ಬಾಗಿಲಿಗೆ ಇಷ್ಟು ಹೆದರುವುದೇಕೆ ಎಂದು ತಿಳಿಯಬೇಕಾದರೆ ಈ ಮನೆ ಯಾವುದರ ಮೇಲೆ ನಿಂತಿದೆ ಎಂಬುದನ್ನು ನೋಡಬೇಕು.

ಚಪ್ಪರ ಮತ್ತು ಕರಟ

ಮದುವೆಯ ಚಪ್ಪರದಲ್ಲಿ ಭಾರ ಹೊರುವುದು ಕಂಬ. ಗರಿ ಬರೀ ಹೊದಿಕೆ. ಗರಿಯಲ್ಲಿ ತೂತು ಬಿದ್ದರೆ ಬಿಸಿಲು ಬಂದೀತು, ಚಪ್ಪರ ಬೀಳುವುದಿಲ್ಲ. ತೆಂಗಿನ ಕರಟಕ್ಕೆ ಕಂಬವೇ ಇಲ್ಲ. ಗೋಡೆಯೂ ಅದೇ, ಕಂಬವೂ ಅದೇ. ಏರ್‌ಸ್ಟ್ರೀಮ್ ಈ ಕರಟದ ಜಾತಿಯದು. ಒಳಗೆ ಬಾಗಿದ ಅಲ್ಯೂಮಿನಿಯಂ ಪಕ್ಕೆಲುಬುಗಳಿವೆ ನಿಜ, ಆದರೆ ಅವಕ್ಕೆ ರಿವೆಟ್ ಹೊಡೆದು ಬಿಗಿದ ಹೊರತಗಡೇ ಭಾರದ ದೊಡ್ಡ ಪಾಲನ್ನು ಹೊರುತ್ತದೆ. ಆ ತಗಡಿನ ದಪ್ಪ ಸುಮಾರು 0.8 ಮಿಲಿಮೀಟರ್. ವಿಮಾನದ ಒಡಲನ್ನು ಕಟ್ಟುವ ಕ್ರಮವೇ ಇದು.

ರಸ್ತೆಗೆ ಈ ಕ್ರಮ ಇಳಿದದ್ದು ವಿಮಾನ ಕಟ್ಟುವವರ ಕೈಯಿಂದಲೇ. ಹಾಲಿ ಬೌಲಸ್ ಗ್ಲೈಡರ್ ತಯಾರಕ. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ ವಿಮಾನ ಸ್ಯಾನ್ ಡಿಯಾಗೋದ ರಯಾನ್ ಕಾರ್ಖಾನೆಯಲ್ಲಿ ತಯಾರಾಗುವಾಗ ಅಲ್ಲಿ ಕೆಲಸದ ಉಸ್ತುವಾರಿ ಬೌಲಸ್‌ನದು. 1934ರಲ್ಲಿ ಬೌಲಸ್ 'ರೋಡ್ ಚೀಫ್' ಎಂಬ ಟ್ರೇಲರ್ ಹೊರತಂದ. ಹೊದಿಕೆ ದ್ಯುರಾಲುಮಿನ್ ತಗಡು. ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಕಂಡುಕೊಂಡ ವಿಚಿತ್ರ ಲೋಹ ಅದು: ತಾಮ್ರ ಬೆರೆತ ಅಲ್ಯೂಮಿನಿಯಮ್ಮನ್ನು ಕಾಯಿಸಿ, ತಟ್ಟನೆ ತಣಿಸಿ, ಸುಮ್ಮನೆ ಬಿಟ್ಟರೆ ದಿನ ಕಳೆದಂತೆ ತಾನಾಗಿ ಗಟ್ಟಿಯಾಗುತ್ತದೆ. ರೋಡ್ ಚೀಫ್‌ಗೆ ಒಳಹೋಗುವ ಬಾಗಿಲು ಮುಂದುಗಡೆ, ಕಾರಿಗೆ ಕೊಂಡಿ ಸಿಕ್ಕಿಸುವ ಮೂಕಿಯ ಮೇಲೇ ಇತ್ತು. ಹತ್ತಲು ಇಳಿಯಲು ತಾಪತ್ರಯ. ಆದರೆ ಪಕ್ಕದ ಗೋಡೆಗೆ ಬಾಗಿಲಿನ ಕೊಯ್ತವಿರಲಿಲ್ಲ.

ಬೌಲಸ್‌ನ ಕಂಪನಿ ಬೇಗ ದಿವಾಳಿಯಾಯಿತು. ಆ ವಿನ್ಯಾಸವನ್ನು ಎತ್ತಿಕೊಂಡವನು ವಾಲಿ ಬಯಮ್. 1896ರಲ್ಲಿ ಆರೆಗಾನ್ ರಾಜ್ಯದಲ್ಲಿ ಹುಟ್ಟಿದ ಈತ ಹುಡುಗನಾಗಿದ್ದಾಗ ಕುರಿ ಕಾದವನು. ಆಗ ವಾಸ ಕತ್ತೆ ಎಳೆಯುವ ಎರಡು ಚಕ್ರದ ಗಾಡಿಯಲ್ಲಿ. ದೊಡ್ಡವನಾಗಿ ಪತ್ರಿಕೆ ನಡೆಸುತ್ತಿದ್ದಾಗ, ಟ್ರೇಲರನ್ನು ಮನೆಯಲ್ಲೇ ಕಟ್ಟಿಕೊಳ್ಳುವ ನಕ್ಷೆಯೊಂದನ್ನು ಅಚ್ಚು ಹಾಕಿದ. ಅದರಂತೆ ಕಟ್ಟಲು ಹೊರಟ ಓದುಗರು ಬೈದು ಬರೆದರು. ತಾನೇ ಕಟ್ಟಿ ನೋಡಿದ. ಬೈದವರು ಹೇಳಿದ್ದು ಸರಿ ಎನಿಸಿತು, ನಕ್ಷೆಯನ್ನು ತಿದ್ದಿದ. ಆ ತಿದ್ದುಪಡಿಯೇ ಬೆಳೆದು 1931ರಲ್ಲಿ ಏರ್‌ಸ್ಟ್ರೀಮ್ ಕಂಪನಿ ಆಯಿತು. 1936ರಲ್ಲಿ ಬಂದ 'ಕ್ಲಿಪ್ಪರ್' ಬೌಲಸ್‌ನ ಆಕಾರವನ್ನೇ ಹೊತ್ತಿತ್ತು. ಪ್ಯಾನ್ ಅಮೆರಿಕನ್ ಕಂಪನಿಯ ಹಾರುದೋಣಿಗಳ ಹೆಸರು, ನಾಲ್ವರಿಗೆ ಮಲಗಲು ಜಾಗ, 1,200 ಡಾಲರ್ ಬೆಲೆ. ಬಯಮ್ ಮಾಡಿದ ಮುಖ್ಯ ಬದಲಾವಣೆ: ಬಾಗಿಲನ್ನು ಪಕ್ಕಕ್ಕೆ ತಂದ. ಕರಟಕ್ಕೆ ಕೊಯ್ತ ಬಿತ್ತು.

ಸುಖಕ್ಕೊಂದು ತೂತು

ಕುರಿಗಾಹಿಯ ಗಾಡಿಯಲ್ಲಿ ಇದ್ದದ್ದು ಸೀಮೆಎಣ್ಣೆ ಒಲೆ, ನೀರಿನ ಬಕೆಟ್ಟು, ಹಾಸಿಗೆ. ಇಷ್ಟಕ್ಕೆ ಒಂದು ಬಾಗಿಲು ಸಾಕು. ಆದರೆ ನಲ್ಲಿ ತಿರುಗಿಸಿದರೆ ನೀರು ಬರಬೇಕೆಂದಾಗ ತೊಟ್ಟಿ ಬೇಕು, ತೊಟ್ಟಿ ತುಂಬಲು ಹೊರಗಿನಿಂದ ಬಾಯಿ ಬೇಕು. ಬಿಸಿನೀರಿನ ಹಂಡೆಗೆ ಉರಿಯೂ ಬೇಕು, ಹೊಗೆಗೆ ದಾರಿಯೂ ಬೇಕು. ಕೊಳಚೆ ತೊಟ್ಟಿಯ ಕವಾಟ, ಬ್ಯಾಟರಿ, ಕರೆಂಟಿನ ವೈರು, ಒಂದೊಂದೂ ಹೊರಗಿನಿಂದ ಕೈಗೆ ಸಿಗಬೇಕು. 1957ರ 'ಇಂಟರ್‌ನ್ಯಾಷನಲ್' ಮಾದರಿಯ ಹೊತ್ತಿಗೆ ಹೊರಗಿನ ನೀರು, ಕರೆಂಟುಗಳ ಹಂಗಿಲ್ಲದೆ ಕಾಡಿನಲ್ಲೂ ತಂಗಬಹುದಾದ ಟ್ರೇಲರ್ ಮಾರುಕಟ್ಟೆಗೆ ಬಂದಿತ್ತು. ಹೊರಗಿನ ಹಂಗು ಕಡಿಮೆಯಾದಷ್ಟೂ ಗೋಡೆಯ ಮೇಲಿನ ತೂತುಗಳು ಹೆಚ್ಚಾದವು.

ನಮ್ಮ ಫ್ರಿಜ್ಜಿನ ಬೆನ್ನಿನ ಬಾಗಿಲನ್ನೇ ನೋಡಿ. ಅದರ ಮೂಲ ಸ್ವೀಡನ್‌ನಲ್ಲಿದೆ. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಬೆಂಕಿಯಿಂದ ತಂಪು ಮಾಡುವ ಪೆಟ್ಟಿಗೆ ರೂಪಿಸಿದರು. ಮೋಟಾರಿಲ್ಲ, ಸದ್ದಿಲ್ಲ. ಅಮೋನಿಯ ಬೆರೆತ ನೀರನ್ನು ಸಣ್ಣ ಉರಿ ಕಾಯಿಸುತ್ತದೆ, ಬಿಡುಗಡೆಯಾದ ಅಮೋನಿಯ ತಣಿದು ದ್ರವವಾಗುತ್ತದೆ, ಮುಂದೆ ಜಲಜನಕದೊಂದಿಗೆ ಕೂಡಿ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕರೆಂಟಿಲ್ಲದ ಕಾಡಿನಲ್ಲಿ ಹಾಲು ಕೆಡದಂತೆ ಇಡಲು ಇದಕ್ಕಿಂತ ಬೇರೇನು ಬೇಕು? ಆದರೆ ಈ ಫ್ರಿಜ್ಜಿಗೆ ಬೆನ್ನ ಹಿಂದೆ ಗಾಳಿ ಆಡಲೇಬೇಕು. ಕೆಳಗಿಂದ ತಣ್ಣನೆ ಗಾಳಿ ಒಳಬಂದು, ಬಿಸಿಯಾಗಿ, ಚಾವಣಿಯ ಕಿಂಡಿಯಿಂದ ಹೊರಹೋಗಬೇಕು. ಉರಿಯ ಹೊಗೆ ಮಲಗುವ ಜಾಗಕ್ಕೆ ನುಸುಳಬಾರದು. ಹಾಗಾಗಿ ಸೀಳುಗಳಿರುವ ಈ ಬಾಗಿಲು ಗಾಳಿಗೆ ದಾರಿ ಬಿಡುತ್ತದೆ, ರಿಪೇರಿಯವನ ಕೈಗೂ ದಾರಿ ಬಿಡುತ್ತದೆ.

ಇನ್ನು ಈ ಬಾಗಿಲುಗಳ ಮೂಲೆಗಳನ್ನು ಗಮನಿಸಿ: ದುಂಡಗಿರುತ್ತವೆ. ತಗಡಿನಲ್ಲಿ ಹರಿಯುವ ಬಲ ತೂತಿನ ಸುತ್ತ ಬಳಸಿಕೊಂಡು ಹೋಗಬೇಕಾದಾಗ ಮೂಲೆಗಳಲ್ಲಿ ಒತ್ತರಿಸಿಕೊಳ್ಳುತ್ತದೆ. ಮೂಲೆ ಚೂಪಾದಷ್ಟೂ ಒತ್ತಡ ಹೆಚ್ಚು. 1954ರ ಜನವರಿಯಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿತ್ತು. ಅವಶೇಷಗಳನ್ನು ಎತ್ತಿ ಪರೀಕ್ಷಿಸಿದಾಗ, ಚಾವಣಿಯ ಮೇಲೆ ಆಂಟೆನಾಕ್ಕಾಗಿ ಕೊರೆದ ಕಿಂಡಿಯ ಮೂಲೆಯ ಬಳಿ, ರಿವೆಟ್ ತೂತಿನ ಹತ್ತಿರ ಬಿರುಕಿನ ಮೂಲ ಸಿಕ್ಕಿತು. ಟ್ರೇಲರಿಗೆ ಆ ಎತ್ತರದ ಗಾಳಿಯೊತ್ತಡವಿಲ್ಲ, ಗುಂಡಿಬಿದ್ದ ರಸ್ತೆಯ ಕುಲುಕಾಟವಿದೆ. ಕರಟ ಕೊಯ್ದವನು ಕೊಯ್ದ ಅಂಚಿನ ಸುತ್ತ ಗಟ್ಟಿ ಚೌಕಟ್ಟು ಕೂರಿಸಿ ಆ ಸಾಲ ತೀರಿಸಲೇಬೇಕು.

ಬಿಚ್ಚುವ ಕೆಲಸ, ಕೂರಿಸುವ ಕೆಲಸ

ಬಿಚ್ಚುವುದು ರಿವೆಟ್ಟಿನಿಂದ ಶುರು. ವಿಮಾನದ ದರ್ಜೆಯ ರಿವೆಟ್ಟಿನ ತಲೆಯ ನಟ್ಟನಡುವೆ ಸೂಜಿ ಚುಚ್ಚಿದಂಥ ಒಂದು ಕುಳಿ ಇರುತ್ತದೆ. ಅದು ಯಾವ ಮಿಶ್ರಲೋಹ ಎಂದು ಹೇಳುವ ಗುರುತು. ಡ್ರಿಲ್ ಬಿಟ್ಟಿನ ಮೊನೆ ಜಾರದಂತೆ ಹಿಡಿಯುವುದೂ ಅದೇ. ತಲೆಯಷ್ಟೇ ಆಳಕ್ಕೆ ಕೊರೆದು, ಪಂಚ್ ಇಟ್ಟು ಮೆಲ್ಲಗೆ ತಟ್ಟಿದರೆ ತಲೆ ಟೊಪ್ಪಿಯಂತೆ ಕಳಚಿ ಬರುತ್ತದೆ. ಅವಸರದಲ್ಲಿ ಆಳಕ್ಕೆ ಕೊರೆದರೆ ತಗಡಿನ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಮೇಲೆ ಒಂದು ಅಳತೆ ದೊಡ್ಡ ರಿವೆಟ್ ಹಾಕದೆ ಗತಿಯಿಲ್ಲ.

ಕಳಚಿದ ಬಾಗಿಲಿನ ಹಿಂದೆ ಹಳೆಯ ತಪ್ಪುಗಳು ಕಾಣತೊಡಗುತ್ತವೆ. ರಿವೆಟ್ ಸಿಗದೆ ಯಾರೋ ಉಕ್ಕಿನ ಸ್ಕ್ರೂ ತಿರುಗಿಸಿರುತ್ತಾರೆ. ಅದರ ಸುತ್ತ ವಿಭೂತಿಯಂಥ ಬಿಳಿ ಪುಡಿ. ಉಕ್ಕು, ಅಲ್ಯೂಮಿನಿಯಂ, ನಡುವೆ ಒಂದು ಹನಿ ಮಳೆನೀರು ಸೇರಿದರೆ ಸಣ್ಣ ಬ್ಯಾಟರಿಯೇ ಆಯಿತು. ಸವೆಯುವ ಸರದಿ ಅಲ್ಯೂಮಿನಿಯಮ್ಮಿನದು. ಕಳೆದುಹೋದ ಬಾಗಿಲಿಗೆ ಬದಲಾಗಿ ಉಕ್ಕಿನ ತಗಡನ್ನೇ ಕತ್ತರಿಸಿ ಹಾಕಿದರೆ ಇನ್ನೊಂದು ತೊಡಕು. ಬಿಸಿಲಿಗೆ ಅಲ್ಯೂಮಿನಿಯಂ ಹಿಗ್ಗುವುದರ ಸುಮಾರು ಅರ್ಧದಷ್ಟೇ ಉಕ್ಕು ಹಿಗ್ಗುತ್ತದೆ. ಗೋಡೆ ಒಂದು ತಾಳದಲ್ಲಿ, ಬಾಗಿಲು ಇನ್ನೊಂದು ತಾಳದಲ್ಲಿ. ಅದಕ್ಕೇ ಗೋಡೆಯ ಜಾತಿಯ ತಗಡನ್ನೇ ಹುಡುಕಿ ತರುತ್ತಾರೆ: ಗಟ್ಟಿ ಮಿಶ್ರಲೋಹದ ಎರಡೂ ಮಗ್ಗುಲಿಗೆ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಪದರ ಅಂಟಿಸಿದ 'ಆಲ್‌ಕ್ಲಾಡ್'. ಪಾಲಿಶ್ ಹಿಡಿದು ಕನ್ನಡಿಯಾಗುವುದು ಆ ತೆಳು ಪದರ.

ಹೊಸ ತಗಡಿಗೆ ಗೋಡೆಯದೇ ಬಾಗು ಬರಿಸಿ, ಹಿಂಜನ್ನು ಇಟ್ಟು, ತೂತುಗಳಿಗೆ ಕ್ಲೀಕೋ ಸಿಕ್ಕಿಸುತ್ತಾರೆ. ಹೆಬ್ಬೆರಳುದ್ದದ ಈ ಸ್ಪ್ರಿಂಗ್ ಪಿನ್ನು ಎರಡು ತಗಡುಗಳನ್ನು ಹೊಲಿಗೆಗೆ ಮುನ್ನ ಗುಂಡುಪಿನ್ನು ಬಟ್ಟೆ ಹಿಡಿದಂತೆ ಹಿಡಿದಿರುತ್ತದೆ. 3.2 ಮಿಲಿಮೀಟರ್ ರಿವೆಟ್ಟಿನ ತೂತಿಗೆ ತಾಮ್ರ ಬಣ್ಣದ್ದು, ಅದಕ್ಕಿಂತ ಸಣ್ಣ ಅಳತೆಗೆ ಬೆಳ್ಳಿ ಬಣ್ಣದ್ದು. ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿ, ಸುತ್ತಲೂ ಸಂದು ಸಮವಾಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಪಾಲಿಯುರೇಥೇನ್ ಸೀಲೆಂಟ್ ಬಳಿಯುವುದು. ಸಿಲಿಕೋನ್ ಬಳಿದವರನ್ನು ಮುಂದಿನ ರಿಪೇರಿಯವನು ಶಪಿಸುತ್ತಾನೆ; ಅದರ ಜಿಡ್ಡು ಉಳಿದ ಜಾಗಕ್ಕೆ ಇನ್ನೇನೂ ಕಚ್ಚುವುದಿಲ್ಲ.

ಆಮೇಲೆ ರಿವೆಟ್ಟು. ಇದು ಇಬ್ಬರ ಕೆಲಸ. ಹೊರಗಿನವನು ರಿವೆಟ್ ಗನ್ ಒತ್ತುತ್ತಾನೆ. ಒಳಗಿನವನು ಬಕಿಂಗ್ ಬಾರ್ ಎಂಬ ಉಕ್ಕಿನ ದಿಮ್ಮಿಯನ್ನು ರಿವೆಟ್ಟಿನ ಬಾಲಕ್ಕೆ ಆನಿಸಿ ನಿಲ್ಲುತ್ತಾನೆ. ಬಾಲ ಚಪ್ಪಟೆಯಾಗಿ ಗುಂಡಿಯಾಗುತ್ತದೆ. ನಡುವೆ ಗೋಡೆ ಇರುವುದರಿಂದ ಮುಖ ಕಾಣದು. 'ಹೂಂ' ಅಂದರೆ ಹೊಡಿ, ತಟ್ಟಿದರೆ ನಿಲ್ಲಿಸು. ಒಳಗೆ ಕೈ ತೂರದ ಕಡೆ ಒಂದೇ ಮಗ್ಗುಲಿನಿಂದ ಹೊಡೆಯುವ ಒಲಿಂಪಿಕ್ ರಿವೆಟ್ ಹಾಕಿ, ತಲೆಯನ್ನು ಹೆರೆದು ಹಳೆಯದರ ಹಾಗೆ ಕಾಣಿಸುತ್ತಾರೆ.

ಈ ಜೋಡಿ ಕೆಲಸ ಬೆಂಗಳೂರಿಗೆ ಹೊಸತಲ್ಲ. 1940ರ ಡಿಸೆಂಬರಿನಲ್ಲಿ ಇಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ಬಿಚ್ಚಿ ಜೋಡಿಸಿತು. ಯುದ್ಧ ಮುಗಿದು ವಿಮಾನದ ಕೆಲಸ ಇಳಿದಾಗ ರೈಲ್ವೆ ಬೋಗಿಗಳ ಕಡೆಗೂ ತಿರುಗಿತು. ಆ ವಿಭಾಗವೇ 1964ರಲ್ಲಿ ಬೆಮೆಲ್ ಕಂಪನಿಯ ಕೈಗೆ ಬಂತು. ಬಯಮ್ ಕೂಡ ಯುದ್ಧದ ವರ್ಷಗಳನ್ನು ವಿಮಾನ ಕಾರ್ಖಾನೆಗಳಲ್ಲೇ ಕಳೆದು ಟ್ರೇಲರಿಗೆ ಮರಳಿದವನು.

ಚಂದ್ರನಿಂದ ಬಂದವರ ಮನೆ

ತೂತುಗಳ ಲೆಕ್ಕ ಅತಿ ಬಿಗಿಯಾದದ್ದು 1969ರಲ್ಲಿ. ಚಂದ್ರನಿಂದ ಮರಳುವ ಅಪೊಲೊ 11ರ ಯಾತ್ರಿಗಳು ಅಲ್ಲಿನ ಸೂಕ್ಷ್ಮಜೀವಿ ಹೊತ್ತು ತಂದಾರು ಎಂಬ ಅಂಜಿಕೆಯಿಂದ ನಾಸಾ ಏರ್‌ಸ್ಟ್ರೀಮ್ ಟ್ರೇಲರನ್ನೇ ಮಾರ್ಪಡಿಸಿ ಪ್ರತ್ಯೇಕವಾಸದ ಮನೆ ಮಾಡಿಸಿತು. ಒಳಗಿನ ಗಾಳಿಯೊತ್ತಡವನ್ನು ಹೊರಗಿಗಿಂತ ಕಡಿಮೆ ಇಟ್ಟರು. ಎಲ್ಲಾದರೂ ಸಂದು ಬಿಟ್ಟಿದ್ದರೂ ಗಾಳಿ ಒಳಗೆ ನುಗ್ಗಬೇಕೇ ಹೊರತು ಹೊರಗೆ ಸೋರಬಾರದು. ಜುಲೈ 24ರಂದು ಹಾರ್ನೆಟ್ ಹಡಗಿನ ಮೇಲೆ ಅಧ್ಯಕ್ಷ ನಿಕ್ಸನ್ ಆ ಮೂವರನ್ನು ಮಾತಾಡಿಸಿದ್ದು ಮುಚ್ಚಿದ ಕಿಟಕಿಯ ಆಚೆಯಿಂದ. ಆ ಟ್ರೇಲರ್ ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಹಿತ್ತಲಲ್ಲಿ ನಿಂತ ಹಳೆಯ ಟ್ರೇಲರಿನ ಶತ್ರು ಅಷ್ಟು ದೂರದ್ದಲ್ಲ, ಮಳೆನೀರು. ಬಾಗಿಲಿನ ಅಂಚಿನಿಂದ ಇಳಿದ ಹನಿ ಗೋಡೆಯ ಒಳಮೈಗುಂಟ ಪ್ಲೈವುಡ್ ನೆಲ ಸೇರುತ್ತದೆ. ಆ ನೆಲ ಮೇಲಿನ ಕರಟಕ್ಕೂ ಕೆಳಗಿನ ಉಕ್ಕಿನ ಚಾಸಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಅದು ಕೊಳೆತರೆ ಬೋಲ್ಟುಗಳಿಗೆ ಹಿಡಿತವಿಲ್ಲ. ಹಿಂದಿನ ಬಂಪರಿನ ಮೇಲೆ ಒಬ್ಬರು ಹತ್ತಿ ಕುಪ್ಪಳಿಸಿದಾಗ ಬಂಪರ್ ತಗ್ಗಿ ಮೈ ಮಾತ್ರ ಅಲ್ಲೇ ನಿಂತರೆ, ಕರಟ ಚಾಸಿಯಿಂದ ಬಿಟ್ಟುಕೊಂಡಿದೆ ಎಂದರ್ಥ.

ಅದಕ್ಕೇ ಕೊನೆಯ ಪರೀಕ್ಷೆಗೂ ಇಬ್ಬರು ಬೇಕು. ಸೀಲೆಂಟ್ ಒಣಗಿದ ಮೇಲೆ ಹೊರಗಿನವನು ಪೈಪು ಹಿಡಿದು ಬಾಗಿಲಿನ ಕೆಳಗಿನಿಂದ ನಿಧಾನವಾಗಿ ಮೇಲಕ್ಕೆ ನೀರು ಬಿಡುತ್ತಾ ಬರುತ್ತಾನೆ. ಮೇಲಿನಿಂದ ಶುರು ಮಾಡಿದರೆ ಸೋರಿದ್ದು ಎಲ್ಲಿಂದ ಎಂದು ಗೊತ್ತಾಗದು. ಒಳಗಿನವನು ಟಾರ್ಚ್ ಹಿಡಿದು ಚೌಕಟ್ಟಿನ ಕೆಳಮೂಲೆಗೆ ಬೆರಳಾನಿಸಿ ಕೂತಿರುತ್ತಾನೆ. ತಗಡಿನ ಮೇಲೆ ನೀರಿನ ಸದ್ದು ಜೋರು ಮಳೆಯಂತೆ. ಬೆರಳು ಒಣಗಿಯೇ ಇದ್ದರೆ, ಗೋಡೆಯನ್ನು ಎರಡು ಸಲ ತಟ್ಟುತ್ತಾನೆ.