ಯಂತ್ರ ನಿಂತ ಸ್ಥಳ, ತಪ್ಪು ಹುಟ್ಟಿದ ಸ್ಥಳ

ಗಣಕಯಂತ್ರವು ಕೆಲಸದ ನಡುವೆ ಹಠಾತ್ತನೆ ನಿಂತುಬಿಟ್ಟರೆ ಅದು ಕೆಟ್ಟಿತೆಂದು ನಾವು ತಿಳಿಯುತ್ತೇವೆ. ಅನೇಕ ವೇಳೆ ಕೆಟ್ಟಿರುವುದು ಯಂತ್ರವಲ್ಲ. ಅರ್ಥವಾಗದ ಲೆಕ್ಕವನ್ನು ಮಾಡಲು ಅದು ಒಪ್ಪದೆ ನಿಂತಿರುತ್ತದೆ. ಹಾಗೆ ನಿಂತಾಗ ತಪ್ಪನ್ನು ಹುಡುಕುವ ಬಗೆಯನ್ನು ಒಂದು ಉದಾಹರಣೆಯಿಂದ ವಿವರಿಸಲು ಯತ್ನಿಸುತ್ತೇನೆ. ಕಲಾ ವಿಭಾಗದವನಾದ ನನ್ನನ್ನು ಈ ವಿಷಯಕ್ಕೆ ಸೆಳೆದದ್ದು ಅದರೊಳಗಿನ ವ್ಯಾಕರಣ.

1964ರ ಏಪ್ರಿಲ್ 7ರಂದು ಐಬಿಎಂ ಸಂಸ್ಥೆಯು ‘ಸಿಸ್ಟಂ 360’ ಎಂಬ ಯಂತ್ರಗಳನ್ನು ಪ್ರಕಟಿಸಿತು. ಆ ಸಂಸ್ಥೆಯ ಇಂದಿನ ಮೇನ್‌ಫ್ರೇಮ್ ಯಂತ್ರಗಳು ಅದೇ ವಂಶದವು. ಅಸೆಂಬ್ಲರ್ ಭಾಷೆಯಲ್ಲಿ ಸಾಮಾನ್ಯವಾಗಿ ಒಂದು ಸಾಲೆಂದರೆ ಇವುಗಳಿಗೆ ಒಂದು ಆಜ್ಞೆ.

ಹಣದ ಮೊತ್ತವನ್ನು ಇವು ಅಡಕವಾಗಿ ಇಡಬಲ್ಲವು: ಬೈಟಿಗೆ ಎರಡು ಅಂಕಿ, ಕಟ್ಟಕಡೆಯ ಅರ್ಧ ಬೈಟಿನಲ್ಲಿ ಚಿಹ್ನೆ. ಅಲ್ಲಿ ‘ಸಿ’ ಅಥವಾ ‘ಎಫ್’ ಇದ್ದರೆ ಧನ, ‘ಡಿ’ ಇದ್ದರೆ ಋಣ. ನಮ್ಮ ಕನ್ನಡ ವಾಕ್ಯವೂ ಹೀಗೆಯೇ ಅಲ್ಲವೆ? ‘ಅವನು ಹಣ ಕೊಟ್ಟಿ...’ ಎಂಬಲ್ಲಿ ಮಾತು ನಿಂತರೆ, ಕೊಟ್ಟಿದ್ದಾನೆಯೋ ಕೊಟ್ಟಿಲ್ಲವೋ ತಿಳಿಯದು.

ಈಗ ಒಂದು ಸಂಬಳದ ಪಟ್ಟಿಯನ್ನು ಊಹಿಸಿಕೊಳ್ಳಿ. ಮೊತ್ತಕ್ಕೆ ಐದು ಸ್ಥಾನಗಳಿವೆ. 01250 ಎಂದು ಬರೆದಿದ್ದರೆ ‘ಪ್ಯಾಕ್’ ಎಂಬ ಆಜ್ಞೆಯು ಅದನ್ನು ‘01 25 0ಎಫ್’ ಎಂದು ಅಡಕಗೊಳಿಸುತ್ತದೆ. ಒಬ್ಬ ನೌಕರನ ಮುಂದೆ ಆ ಐದು ಸ್ಥಾನಗಳೂ ಖಾಲಿ ಉಳಿದಿದ್ದರೆ? ಖಾಲಿ ಸ್ಥಾನದ ಸಂಕೇತ 40. ಅಡಕಗೊಳಿಸಿದಾಗ ‘00 00 04’ ಆಗುತ್ತದೆ. ಚಿಹ್ನೆಯ ಜಾಗದಲ್ಲಿ 4 ಬಂದು ಕುಳಿತಿತು! ‘ಪ್ಯಾಕ್’ ಇದನ್ನು ಪರೀಕ್ಷಿಸುವುದಿಲ್ಲ. ಮುಂದೆ ಕೂಡುವ ಆಜ್ಞೆಯಾದ ‘ಎಪಿ’ ಬಂದಾಗ ಯಂತ್ರವು ಒಪ್ಪದೆ, ‘0ಸಿ7’ ಎಂಬ ಸಂಕೇತವನ್ನು ಕೊಟ್ಟು ನಿಲ್ಲುತ್ತದೆ.

ನಿಂತಾಗ ಸ್ಮೃತಿಯ ಪ್ರತಿಯನ್ನು ಮುದ್ರಿಸಿಕೊಳ್ಳಬಹುದು. ಅದಕ್ಕೆ ‘ಡಂಪ್’ ಎನ್ನುತ್ತಾರೆ. ಮುಂದಿನ ಆಜ್ಞೆಯ ವಿಳಾಸ ಅದರಲ್ಲಿರುತ್ತದೆ. ಆ ವಿಳಾಸ 20158, ಕಾರ್ಯಕ್ರಮದ ಆರಂಭ 20000 ಎಂದಾದರೆ ಅಂತರ 158. ‘ಎಪಿ’ಯ ಉದ್ದ 6 ಬೈಟು, ಹಿಂದೆ ಸರಿದರೆ 152. (ಈ ವಿಳಾಸಗಳೆಲ್ಲ ಹದಿನಾರರ ಎಣಿಕೆಯವು.) ಕಾರ್ಯಕ್ರಮದ ಪಟ್ಟಿಯಲ್ಲಿ 152ನ್ನು ನೋಡಿದರೆ ಆ ‘ಎಪಿ’ ಸಿಕ್ಕುತ್ತದೆ.

ಆದರೆ ಆ ಸಾಲಿನಲ್ಲಿ ದೋಷವೇ ಇಲ್ಲ. ಅದು ಕೂಡಹೊರಟ ಸಂಖ್ಯೆ ಯಾವುದು, ಅದನ್ನು ಅಲ್ಲಿಗೆ ತಂದವರಾರು ಎಂದು ಹಿಂದಕ್ಕೆ ಹೋಗಬೇಕು; ಹೋದರೆ ಖಾಲಿ ಸ್ಥಾನ ಕಾಣುತ್ತದೆ.

ಇಲ್ಲೊಂದು ಸುಲಭದ ಉಪಾಯವಿದೆ. ‘ಓಐ’ ಎಂಬ ಒಂದು ಆಜ್ಞೆ ಸೇರಿಸಿ ಚಿಹ್ನೆಯ ಜಾಗದಲ್ಲಿ ‘ಎಫ್’ ಇರಿಸಿದರೆ 04 ಹೋಗಿ 0ಎಫ್ ಆಗುತ್ತದೆ. ಯಂತ್ರ ಸುಮ್ಮನೆ ಮುಂದೆ ಸಾಗುತ್ತದೆ. ಆದರೆ ಆ ನೌಕರನ ಸಂಬಳ ಈಗ ಸೊನ್ನೆ! ‘ಬರೆದಿಲ್ಲ’ ಎಂಬುದು ‘ಏನೂ ಸಲ್ಲಬೇಕಾಗಿಲ್ಲ’ ಎಂದಾಯಿತು. ಯಂತ್ರ ನಿಂತಿದ್ದರೆ ಯಾರಾದರೂ ಬಂದು ನೋಡುತ್ತಿದ್ದರು; ಈಗ ತಿಂಗಳ ಕೊನೆಯಲ್ಲಿ ಬರಿಗೈಯಲ್ಲಿ ನಿಂತ ಆತನೇ ಬಂದು ಹೇಳಬೇಕು.

ಸರಿಯಾದ ಮಾರ್ಗವೆಂದರೆ, ಅಡಕಗೊಳಿಸುವ ಮೊದಲೇ ಐದೂ ಸ್ಥಾನಗಳಲ್ಲಿ ಅಂಕಿಗಳಿವೆಯೇ ಎಂದು ಪರೀಕ್ಷಿಸಿ, ಇಲ್ಲದ ದಾಖಲೆಯನ್ನು ಬೇರೆ ಪಟ್ಟಿಗೆ ತೆಗೆದು, ಮನುಷ್ಯರ ಕಣ್ಣಿಗೆ ಬೀಳುವಂತೆ ಇಡುವುದು. ಉಳಿದವರ ಲೆಕ್ಕ ನಡೆಯುತ್ತದೆ. ಆ ಒಬ್ಬನ ಲೆಕ್ಕ ವಿಚಾರಣೆಗೆ ಕಾಯುತ್ತದೆ.