ಸಭೆಯ ಸೇವೆ ಬಿಡದೆ ಸೆಮಿನರಿ ಓದೋದು ಹೇಗೆ?

ಭಾನುವಾರ ಬೆಳಗ್ಗೆ ಸಂಡೆ ಸ್ಕೂಲ್, ಆಮೇಲೆ ಆರಾಧನೆ, ಮಧ್ಯಾಹ್ನ ಯೂತ್ ಮೀಟಿಂಗ್. ಬುಧವಾರ ಸಂಜೆ ಯಾರದ್ದಾದರೂ ಮನೆಯಲ್ಲಿ ಪ್ರಾರ್ಥನಾ ಕೂಟ. ಉಳಿದ ಹೊತ್ತೆಲ್ಲ ಆಫೀಸು. ಹೀಗೆ ಸಭೆಯ ಕೆಲಸಕ್ಕೆ ಹೆಗಲು ಕೊಟ್ಟವರಿಗೆ ಒಂದಲ್ಲ ಒಂದು ದಿನ ಅನ್ನಿಸುತ್ತೆ: ಇದನ್ನೆಲ್ಲ ಸರಿಯಾಗಿ ಓದಿಕೊಂಡು ಮಾಡಬೇಕಿತ್ತು. ಯೋಬನ ಪುಸ್ತಕ ಓದಿದ ಹೈಸ್ಕೂಲ್ ಹುಡುಗಿ “ಒಳ್ಳೆಯವನಿಗೇ ಯಾಕಣ್ಣಾ ಹೀಗಾಯ್ತು?” ಅಂತ ಕೇಳಿದರೆ, ಗೂಗಲ್ ಮಾಡಿ ಹೇಳಿದ ಉತ್ತರ ನಮಗೇ ಸಮಾಧಾನ ಕೊಡುವುದಿಲ್ಲ.

ಮೊದಲಾದರೆ ಕೆಲಸ, ಮನೆ ಬಿಟ್ಟು ಕಾಲೇಜಿನ ಹಾಸ್ಟೆಲ್ ಸೇರಬೇಕಿತ್ತು. ಈಗ ಆನ್‌ಲೈನ್ ಸೆಮಿನರಿಗಳಿವೆ. ಅರ್ಜಿ ತುಂಬೋದು ಸುಲಭ, ಓದು ಮುಗಿಸೋಕೆ ವರ್ಷಗಳೇ ಬೇಕು. ಅಷ್ಟು ವರ್ಷ ಸೇವೆ, ಓದು, ಮನೆ ಮೂರೂ ನೆಟ್ಟಗೆ ನಡೆಯಬೇಕಾದರೆ ಫೀಸ್ ಕಟ್ಟುವ ಮುಂಚೆಯೇ ನಿಮ್ಮ ಸಭೆಯ ಜೊತೆ ಕೂತು ಮಾತಾಡಬೇಕು.

ದಾರಿ ಹೊಸದಲ್ಲ

ಸೇವೆಯಲ್ಲಿದ್ದುಕೊಂಡೇ ಓದುವ ಪದ್ಧತಿ ಇಂಟರ್ನೆಟ್‌ಗಿಂತ ಹಳೆಯದು. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೀರಿಯನ್ ಸೆಮಿನರಿಯೊಂದು ಇದನ್ನು ಶುರುಮಾಡಿತು. ಹಳ್ಳಿಯ ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದವರು ಸಂಸಾರ, ದುಡಿಮೆ ಇದ್ದವರು. ಅವರು ಸೆಮಿನರಿಗೆ ಬರಲಾರರು. ಹಾಗಾಗಿ ಸೆಮಿನರಿಯೇ ಅವರ ಬಳಿಗೆ ಹೋಯಿತು. ಭಾರತದಲ್ಲಿ ಇದೇ ಪದ್ಧತಿಯ ‘ಟ್ಯಾಫ್ಟೀ’ ಸಂಸ್ಥೆ 1971ರಲ್ಲಿ ಶುರುವಾಯಿತು. ಅದರ ಕೇಂದ್ರ ನಮ್ಮ ಬೆಂಗಳೂರೇ.

ಈ ಪದ್ಧತಿಯನ್ನು ಬೇಲಿಗೆ ಹೋಲಿಸುವುದುಂಟು. ಮೇಲಿನ ಅಡ್ಡಪಟ್ಟಿ ಓದು, ಕೆಳಗಿನದು ಸೇವೆ. ಎರಡನ್ನೂ ಹಿಡಿದು ನಿಲ್ಲಿಸುವ ಕಂಬಗಳೆಂದರೆ ಆಗಾಗ ಗುರುಗಳೂ ಸಹಪಾಠಿಗಳೂ ಎದುರುಬದುರು ಕೂತು ಮಾಡುವ ಚರ್ಚೆ. ಕೋರ್ಸ್ ಆರಿಸುವಾಗ ಇದನ್ನೇ ಅಳತೆಗೋಲು ಮಾಡಿಕೊಳ್ಳಿ. ಬರೀ ವಿಡಿಯೊ ನೋಡಿ ಕ್ವಿಜ್ ಬರೆಯೋದಾದರೆ ಅದರಲ್ಲಿ ಕಂಬವೇ ಇಲ್ಲ.

ಯಾವ ಡಿಗ್ರಿ, ಯಾರ ಮಾನ್ಯತೆ?

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಸೆರಾಂಪುರ. 1818ರಲ್ಲಿ ಹುಟ್ಟಿದ ಆ ಕಾಲೇಜಿಗೆ ಪದವಿ ಕೊಡುವ ಅಧಿಕಾರ 1827ರಲ್ಲಿ ಡೆನ್ಮಾರ್ಕ್ ದೊರೆಯ ಸನ್ನದಿನಿಂದ ಬಂತು. 1918ರ ಕಾಯ್ದೆ ಅದಕ್ಕೆ ಬಲ ಕೊಟ್ಟಿತು. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಎರಡೂ ಇದರ ಜೊತೆ ಸೇರಿದವು. ಸೆರಾಂಪುರದ ಬಿ.ಡಿ. ಸಾಮಾನ್ಯವಾಗಿ ಕಾಲೇಜಿನಲ್ಲಿದ್ದು ಓದುವ ಪದವಿ. ಕೆಲಸದಲ್ಲಿರುವವರು ಹೊರಗಿನಿಂದ ಓದಲು ಅದರದೇ ಬಿ.ಸಿ.ಎಸ್. ಇದೆ. ಇನ್ನು ಹಲವು ಇವಾಂಜೆಲಿಕಲ್ ಸೆಮಿನರಿಗಳಿಗೆ ಏಷ್ಯಾ ಥಿಯೊಲಾಜಿಕಲ್ ಅಸೋಸಿಯೇಷನ್‌ನ ಮಾನ್ಯತೆ ಇರುತ್ತದೆ. ಅದು ಸರ್ಕಾರದ ಮಾನ್ಯತೆ ಅಲ್ಲ, ಸೆಮಿನರಿಗಳ ಗುಣಮಟ್ಟ ನೋಡುವ ಸಂಸ್ಥೆಯ ಮಾನ್ಯತೆ.

ಇನ್ನೊಂದು ಮಾತು. ಡಿಗ್ರಿ ಸಿಕ್ಕಿತು ಅಂದ ಮಾತ್ರಕ್ಕೆ ಆರ್ಡಿನೇಷನ್ ಸಿಗುವುದಿಲ್ಲ. ಸಿಎಸ್‌ಐ ಥರದ ಸಭೆಗಳಲ್ಲಿ ಅಭ್ಯರ್ಥಿಯನ್ನು ಆರಿಸುವುದು ಡಯೋಸಿಸ್. ಸಭಾಪಾಲಕರಾಗುವ ಆಸೆ ಇದ್ದರೆ, ಯಾವ ಡಿಗ್ರಿಯನ್ನು ಒಪ್ಪುತ್ತೀರಿ ಅಂತ ಮೊದಲೇ ಕೇಳಿ, ಸಾಧ್ಯವಾದರೆ ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಲೆಕ್ಕ ಹಾಕಿ ನೋಡಿ

ಅಮೆರಿಕದ ಮಾನ್ಯತೆ ಪಡೆದ ಎಂ.ಡಿವ್. ಪದವಿಗೆ ಕನಿಷ್ಠ 72 ಕ್ರೆಡಿಟ್ ಬೇಕು. ಒಂದು ವಿಷಯಕ್ಕೆ 3 ಕ್ರೆಡಿಟ್ ಅಂದರೆ ಒಟ್ಟು 24 ವಿಷಯ. ಸೆಮಿಸ್ಟರ್‌ಗೆ ಎರಡರಂತೆ, ವರ್ಷಕ್ಕೆ ಎರಡು ಸೆಮಿಸ್ಟರ್ ಓದಿದರೆ 6 ವರ್ಷ. ಒಂದೊಂದೇ ಓದಿದರೆ 12 ವರ್ಷ! ಒಂದು ವಿಷಯಕ್ಕೆ ಕ್ಲಾಸು, ಓದು, ಬರವಣಿಗೆ ಸೇರಿ ವಾರಕ್ಕೆ ಸುಮಾರು 9 ಗಂಟೆ ಹಿಡಿಯುತ್ತದೆ. ಎರಡು ತಗೊಂಡರೆ 18. ಈ ಗಂಟೆಗಳು ನಿದ್ದೆಯಿಂದ ಬರುತ್ತವೋ, ಮನೆಯವರ ಪಾಲಿನಿಂದ ಬರುತ್ತವೋ, ಸಭೆಯ ಕೆಲಸದಿಂದ ಬರುತ್ತವೋ?

ಲೈವ್ ಕ್ಲಾಸ್ ಇದ್ದರೆ ಗಡಿಯಾರವನ್ನೂ ನೋಡಿ. ನ್ಯೂಯಾರ್ಕ್‌ನ ಸಂಜೆ 7 ಗಂಟೆ ನಮಗೆ ಬೇಸಿಗೆಯಲ್ಲಿ ಬೆಳಗಿನ ಜಾವ 4.30, ಚಳಿಗಾಲದಲ್ಲಿ 5.30. ಡಿಸೆಂಬರ್‌ನಲ್ಲಿ ಅಲ್ಲಿ ಸೆಮಿಸ್ಟರ್ ಮುಗಿಯುವ ಗಡಿಬಿಡಿ, ಇಲ್ಲಿ ಮನೆಮನೆಗೆ ಕ್ಯಾರೊಲ್.

ಇಂಗ್ಲಿಷ್‌ನಲ್ಲಿ ಓದು, ಕನ್ನಡದಲ್ಲಿ ಸೇವೆ

ಆನ್‌ಲೈನ್ ಕೋರ್ಸ್‌ಗಳು ಬಹುಪಾಲು ಇಂಗ್ಲಿಷ್‌ನಲ್ಲಿ. ಓದಿದ್ದನ್ನು ಅಜ್ಜಿಯರು ಕೂತ ಪ್ರಾರ್ಥನಾ ಕೂಟದಲ್ಲಿ ಹೇಳಲು ಹೊರಟಾಗಲೇ ನಿಜವಾದ ಪರೀಕ್ಷೆ. ಆದರೆ ಲಾಭವೂ ಇಲ್ಲೇ ಇದೆ. ‘ಚರ್ಚ್’ ಅಂದ ಕೂಡಲೇ ಕಣ್ಣಮುಂದೆ ಬರುವುದು ಕಟ್ಟಡ. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಎಕ್ಲೇಸಿಯಾ’ದ ಅರ್ಥ ಕೂಡಿಬಂದ ಜನ. ಕನ್ನಡ ಬೈಬಲ್ ಅದನ್ನು ‘ಸಭೆ’ ಅಂತಲೇ ಕರೆದಿದೆ! ಪಾಠದಲ್ಲಿ ಅರ್ಧ ಗಂಟೆ ವಿವರಿಸಿದ್ದು ನಮ್ಮ ಅಜ್ಜಿಯ ಬಾಯಲ್ಲಿ ಮೊದಲೇ ಇತ್ತು. ಪ್ರತಿ ಪಾಠವಾದ ಮೇಲೆ ಅದರ ಸಾರವನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡಿ. ಬರೆಯಲು ಆಗಲಿಲ್ಲ ಅಂದರೆ ಪಾಠ ಇನ್ನೂ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ಸಭೆಗೆ ಏನು ಹೇಳಬೇಕು?

* ಯಾವ ಕೆಲಸ ಮುಂದುವರಿಸುತ್ತೀರಿ, ಯಾವುದನ್ನು ಬೇರೆಯವರಿಗೆ ವಹಿಸುತ್ತೀರಿ ಅಂತ ಸಭಾಪಾಲಕರ ಜೊತೆ, ಕಮಿಟಿಯ ಜೊತೆ ಮಾತಾಡಿ. ಯೂತ್ ಮೀಟಿಂಗ್ ನಡೆಸಲು ಇನ್ನೊಬ್ಬರು ತಯಾರಾದರೆ ಅದೂ ಸಭೆಯ ಬೆಳವಣಿಗೆಯೇ.

* ಸಭೆಯಲ್ಲಿ ಒಬ್ಬ ಹಿರಿಯರನ್ನು ಮಾರ್ಗದರ್ಶಕರಾಗಿ ಕೇಳಿಕೊಳ್ಳಿ. ತಿಂಗಳಿಗೊಮ್ಮೆ ಅವರ ಜೊತೆ ಒಂದು ಕಾಫಿ ಸಾಕು. ಪರದೆಯ ಮೇಲಿನ ಪ್ರೊಫೆಸರ್‌ಗೆ ನಿಮ್ಮ ಪ್ರಸಂಗ ಕೇಳಿಸದು, ಇವರಿಗೆ ಕೇಳಿಸುತ್ತದೆ.

* ಸಭೆಯವರು ನಂಬಿ ಹೇಳಿಕೊಂಡ ಕಷ್ಟವನ್ನು ಅಸೈನ್‌ಮೆಂಟ್‌ನಲ್ಲಿ ಕೇಸ್ ಸ್ಟಡಿ ಮಾಡಬೇಡಿ. ಬರೆಯಲೇಬೇಕಾದರೆ ಅವರ ಒಪ್ಪಿಗೆ ಕೇಳಿ, ಹೆಸರು ಗುರುತು ಸಿಗದಂತೆ ಬರೆಯಿರಿ.

* ಸಾವಿನ ಮನೆಯಿಂದ ಫೋನ್ ಬಂದರೆ ಪೇಪರ್ ಕಾಯಲಿ. ಸಬ್ಮಿಷನ್ ತಡವಾದರೆ ಎಷ್ಟು ದಿನ ಕೊಡುತ್ತಾರೆ ಅನ್ನುವುದನ್ನು ಸೇರುವಾಗಲೇ ಕೇಳಿಟ್ಟುಕೊಳ್ಳಿ.

* ಮನೆಯವರಿಗೆ ವಾರದಲ್ಲಿ ಒಂದು ಸಂಜೆ ಮೀಸಲಿಡಿ. ಆ ಸಂಜೆ ಲ್ಯಾಪ್‌ಟಾಪ್ ಮುಚ್ಚಿರಲಿ.

ಇಷ್ಟಕ್ಕೂ ಸಮಯವೇ ಹೊಂದುತ್ತಿಲ್ಲ ಅನ್ನಿಸಿದರೆ ಡಿಗ್ರಿ ಬದಿಗಿಟ್ಟು ಒಂದೇ ಒಂದು ವಿಷಯಕ್ಕೆ ಹೆಸರು ಕೊಡಿ. ಹಲವು ಸೆಮಿನರಿಗಳಲ್ಲಿ ಇದಕ್ಕೆ ಅವಕಾಶವಿದೆ. ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ನಿಮ್ಮ ಶಕ್ತಿ ಎಷ್ಟು ಅಂತ ನಿಮಗೂ ಗೊತ್ತಾಗುತ್ತದೆ, ಮನೆಯವರಿಗೂ ಗೊತ್ತಾಗುತ್ತದೆ. ಮುಂದಿನ ಅರ್ಜಿಯನ್ನು ಆಮೇಲೆ ತುಂಬಬಹುದು.