ಗ್ರೈಫಿಯಾ ಆರ್ಕ್ಯುಯೇಟಾ: ಒಂದು ಪಳೆಯುಳಿಕೆಯ ನಾಮಕರಣ ಮತ್ತು ವರ್ಗೀಕರಣ

ಇಂಗ್ಲೆಂಡಿನ ಲಯಾಸ್ ಶಿಲಾಸ್ತರಗಳಲ್ಲಿ ಹೇರಳವಾಗಿ ದೊರೆಯುವ ದ್ವಿಕವಾಟಿ ಮೃದ್ವಂಗಿಯೊಂದರ ಪಳೆಯುಳಿಕೆಯನ್ನು ಅಲ್ಲಿನ ಜನಪದರು ‘ಸೈತಾನನ ಕಾಲುಗುರು’ ಎಂದು ಕರೆಯುತ್ತಾರೆ. ಜುರಾಸಿಕ್ ಕಾಲದ ಆರಂಭದಲ್ಲಿ, ಎಂದರೆ ಸುಮಾರು 20 ಕೋಟಿ ವರ್ಷಗಳ ಹಿಂದೆ, ಕೆಸರಿನ ಕಡಲತಳದಲ್ಲಿ ಬದುಕಿದ್ದ ಸಿಂಪಿ ಇದು. ಇದರ ಎಡಚಿಪ್ಪು ದಪ್ಪವಾಗಿ ಕೊಕ್ಕೆಯಂತೆ ಒಳಬಾಗಿದ್ದರೆ, ಬಲಚಿಪ್ಪು ಅದರ ಬಾಯಿಗೆ ಮುಚ್ಚಿದ ಚಪ್ಪಟೆ ಮುಚ್ಚಳದಂತಿದೆ. ಕೀಲುನೋವಿನಿಂದ ಕಾಪಾಡುತ್ತದೆಂಬ ನಂಬಿಕೆಯಿಂದ ಜನ ಇದನ್ನು ಜೊತೆಗಿರಿಸಿಕೊಳ್ಳುತ್ತಿದ್ದುದುಂಟು. ಸ್ಕನ್‌ಥಾರ್ಪ್ ಪಟ್ಟಣದ ಲಾಂಛನದಲ್ಲಿಯೂ ಇದು ಸ್ಥಾನ ಪಡೆದಿದೆ. ನಮ್ಮಲ್ಲಿ ಅಮೊನೈಟ್ ಪಳೆಯುಳಿಕೆಯು ಸಾಲಿಗ್ರಾಮವೆನಿಸಿ ಪೂಜೆಗೊಂಡುದನ್ನು ಇಲ್ಲಿ ನೆನೆಯಬಹುದು.

ಫ್ರೆಂಚ್ ವಿದ್ವಾಂಸ ಲಮಾರ್ಕ್ 1801ರಲ್ಲಿ ಇದಕ್ಕೆ ‘ಗ್ರೈಫಿಯಾ ಆರ್ಕ್ಯುಯೇಟಾ’ ಎಂದು ಹೆಸರಿಟ್ಟನು. ಜಾತಿನಾಮದ ಮೂಲ ‘ಕೊಕ್ಕೆಯಂತೆ ಬಾಗಿದ’ ಎಂಬರ್ಥದ ಗ್ರೀಕ್ ಶಬ್ದ. ಪ್ರಭೇದನಾಮ ‘ಬಿಲ್ಲಿನಂತೆ ಬಾಗಿದ’ ಎಂಬ ಲ್ಯಾಟಿನ್ ವಿಶೇಷಣ. ಬಾಗುವಿಕೆಯನ್ನು ಎರಡು ಭಾಷೆಗಳಲ್ಲಿ ಎರಡು ಬಾರಿ ಹೇಳಿದಂತಾಯಿತು. 1815ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸೋವರ್ಬಿ ಇದನ್ನೇ ‘ಗ್ರೈಫಿಯಾ ಇನ್‌ಕರ್ವಾ’, ಎಂದರೆ ‘ಒಳಬಾಗಿದ’ದ್ದು, ಎಂದು ಕರೆದನು. ರೂಪವರ್ಣನೆಯ ದೃಷ್ಟಿಯಿಂದ ಸೋವರ್ಬಿಯ ಪದವೇ ಹೆಚ್ಚು ನಿಖರವೆನ್ನಬೇಕು. ಆದರೆ ಪ್ರಾಣಿನಾಮಕರಣದ ಆದ್ಯತಾ ನಿಯಮವು ಪದದ ಔಚಿತ್ಯವನ್ನು ಕೇಳದೆ ಪ್ರಕಟಣೆಯ ಕಾಲವನ್ನಷ್ಟೇ ಗಮನಿಸುತ್ತದೆ. ಹಾಗಾಗಿ ಇನ್‌ಕರ್ವಾ ಪರ್ಯಾಯನಾಮವಾಗಿ ಉಳಿಯಿತು. ಆದರೂ ಇಪ್ಪತ್ತನೆಯ ಶತಮಾನದವರೆಗೆ ಬ್ರಿಟಿಷ್ ಬರಹಗಳಲ್ಲಿ ಅದರ ಬಳಕೆ ನಿಲ್ಲಲಿಲ್ಲ. ಎರಡು ಹೆಸರುಗಳನ್ನೂ ಅರಿಯದವರಿಗೆ ಹಳೆಯ ಗ್ರಂಥಗಳು ಎರಡು ಪ್ರಾಣಿಗಳ ಕಥೆ ಹೇಳಿದಂತೆ ತೋರುತ್ತವೆ.

ಜಾತಿಯ ಮಟ್ಟದ ತೊಡಕು ಬೇರೆ ಬಗೆಯದು. ಇಂದಿಗೂ ಜೀವಂತವಾಗಿರುವ ಪೋರ್ಚುಗೀಸ್ ಸಿಂಪಿಯನ್ನು ಲಮಾರ್ಕನೇ 1819ರಲ್ಲಿ ‘ಗ್ರೈಫಿಯಾ ಆಂಗ್ಯುಲೇಟಾ’ ಎಂದು ಇದೇ ಜಾತಿಗೆ ಸೇರಿಸಿದ್ದನು. ಅದು ನಿಜವಾಗಿ ಬೇರೊಂದು ಕುಟುಂಬದ ಸಿಂಪಿ. ಗ್ರೈಫಿಯಾ ಎಂಬ ಹೆಸರು ಯಾವುದಕ್ಕೆ ಸಲ್ಲಬೇಕೆಂಬ ಪ್ರಶ್ನೆಗೆ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗವು 1955ರಲ್ಲಿ ಆರ್ಕ್ಯುಯೇಟಾವನ್ನೇ ಮಾದರಿ ಪ್ರಭೇದವೆಂದು ನಿಗದಿಪಡಿಸಿ ಉತ್ತರಿಸಿತು. ಇದಕ್ಕೆ ಮೊದಲೇ, 1936ರಲ್ಲಿ, ವ್ಯಾಲೊವ್ ಗ್ರೈಫಿಯಿಡೇ ಎಂಬ ಪ್ರತ್ಯೇಕ ಕುಟುಂಬವನ್ನು ಸ್ಥಾಪಿಸಿದ್ದನು. ಈ ಕುಟುಂಬದಲ್ಲಿ ಚಿಪ್ಪಿನ ಒಳಗಿನ ಸ್ನಾಯುಗುರುತು ದುಂಡಗಿರುತ್ತದೆ. ಸಾಮಾನ್ಯ ಸಿಂಪಿಗಳಲ್ಲಿ ಅದು ಮೂತ್ರಪಿಂಡದ ಆಕಾರದ್ದು. ಹೊರಗಿನ ಬಾಗು ಕಣ್ಸೆಳೆಯುವಂಥದಾದರೂ ವರ್ಗೀಕರಣಕ್ಕೆ ಒದಗಿದುದು ಒಳಗಿನ ಈ ಗುರುತು.

ಹೆಸರು ಎತ್ತಿಹಿಡಿದ ಲಕ್ಷಣವೇ ವಿಕಾಸವಾದದ ಒಂದು ಪ್ರಸಿದ್ಧ ವಾದಕ್ಕೂ ಆಧಾರವಾಯಿತು. ಚಪ್ಪಟೆ ಸಿಂಪಿಯಿಂದ ಹುಟ್ಟಿದ ಈ ವಂಶದಲ್ಲಿ ಬಾಗು ಕ್ರಮೇಣ ಹೆಚ್ಚುತ್ತ ಹೋಯಿತೆಂದು ಟ್ರೂಮನ್ 1922ರಲ್ಲಿ ಪ್ರತಿಪಾದಿಸಿದನು. ಕೊನೆಗೆ ಚಿಪ್ಪು ತೆರೆಯಲಾಗದೆ ಪ್ರಾಣಿ ಅಳಿಯಿತೆಂಬ ಕಥೆ ಇದರಿಂದ ಬೆಳೆಯಿತು. ಹ್ಯಾಲಮ್ 1959 ಮತ್ತು 1968ರ ಅಧ್ಯಯನಗಳಲ್ಲಿ ಇದನ್ನು ಪ್ರಶ್ನಿಸಿದನು. ಆರ್ಕ್ಯುಯೇಟಾದ ನಂತರ ಬಂದ ಪ್ರಭೇದಗಳು ದೊಡ್ಡವಾಗಿ, ಕಡಿಮೆ ಬಾಗಿದವಾಗಿದ್ದವು. 1999ರಲ್ಲಿ ಜೋನ್ಸ್ ಮತ್ತು ಗೂಲ್ಡ್ ಚಿಪ್ಪುಗಳ ಬೆಳವಣಿಗೆಯಿಂದ ವಯಸ್ಸನ್ನೇ ನೇರವಾಗಿ ಅಳೆದು, ಈ ಉತ್ತರಪ್ರಭೇದಗಳು ಪೂರ್ವಜರ ಎಳೆಯ ರೂಪವನ್ನು ಪ್ರೌಢಾವಸ್ಥೆಯಲ್ಲಿಯೂ ಉಳಿಸಿಕೊಂಡಿದ್ದವೆಂದು ತೋರಿಸಿದರು.